ನೀಲಕಂಠ ಎಂಬ ಹೆಸರಿನ ಕೋಶ

ಜೂನ್ 9, ಸೋಮವಾರ. ಬೆಳಿಗ್ಗೆ 6

ಮತ್ತೆ ಅದೇ ಗೋಳು. ಒಂದು ಚೌಕಕ್ಕೆ ಒಂದೇ ಕೋಶ ಎಂದು ನಿಯಮ ಬರೆದಿದ್ದೇನೆ. ಆದರೂ ಒಂದರ ಮೇಲೊಂದು ಹತ್ತಿ ಕೂತಿವೆ, ಹಬ್ಬದ ಹಿಂದಿನ ದಿನದ ಕನಕಪುರ ಬಸ್ಸಿನ ಹಾಗೆ. ಯಾವ ಕೋಶ ಮಾತು ಕೇಳುತ್ತಿಲ್ಲ ಎಂದು ಹುಡುಕೋಣವೆಂದರೆ ಎಲ್ಲಕ್ಕೂ ನಂಬರು. ನಂಬರು ನೋಡಿ ನೋಡಿ ತಲೆ ಕೆಟ್ಟು ಗೊಬ್ಬರವಾಗಿದೆ.

ನಿನ್ನೆ ಊಟಕ್ಕೆ ಕೂತಾಗ ಅವ್ವ ಕೇಳಿದಳು, ಇಷ್ಟು ವರ್ಷದಿಂದ ಆ ಪೆಟ್ಟಿಗೆ ಮುಂದೆ ಕೂತು ಏನು ಮಾಡುತ್ತೀಯ ಎಂದು. ಬಿಡಿಸಿ ಹೇಳಿದೆ. ನಮ್ಮ ರಾಮನಗರದ ಮಾರ್ಕೆಟ್ಟಿನ ರೇಷ್ಮೆಗೂಡಿನಿಂದ ತೆಳ್ಳನೆಯ ಪೊರೆ ಮಾಡುತ್ತಾರೆ. ಲ್ಯಾಬಿನಲ್ಲಿ ಅದರ ಮೇಲೆ ಚರ್ಮದ ಜೀವಕೋಶ ಬೆಳೆಸುತ್ತಾರೆ. ಬೆಳೆದ ಮೇಲೆ ನಟ್ಟನಡುವೆ ಒಂದು ಗೀರು ಎಳೆಯುತ್ತಾರೆ—ಗಾಯ ಇದ್ದ ಹಾಗೆ. ಎರಡೂ ದಡದ ಕೋಶಗಳು ತೆವಳಿಕೊಂಡು ಬಂದು ಗೀರು ಮುಚ್ಚುತ್ತವೆ. ಅದನ್ನೇ ನಾನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಬೇಕು. ಮೇಲೆ ಕೂತು ಹುಕುಂ ಕೊಡುವವರು ಯಾರೂ ಇಲ್ಲ. ಒಂದೊಂದು ಕೋಶವೂ ತನ್ನ ಅಕ್ಕಪಕ್ಕ ಮಾತ್ರ ನೋಡುತ್ತದೆ. ಜಾಗ ಇದ್ದರೆ ಸರಿಯುತ್ತದೆ. ಇನ್ನೂ ಜಾಗ ಇದ್ದರೆ ಒಡೆದು ಎರಡಾಗುತ್ತದೆ. ಇಕ್ಕಟ್ಟಾದರೆ ಸುಮ್ಮನಿರುತ್ತದೆ. ವಯಸ್ಸಾದರೆ ಸಾಯುತ್ತದೆ. ಇಷ್ಟು ನಿಯಮ ಬರೆದು ಬಿಟ್ಟರೆ ಗೀರು ತಾನಾಗಿಯೇ ಮುಚ್ಚಬೇಕು. ಮುಚ್ಚಿದರೆ, ಯಾವ ಪೊರೆ ಹಾಕಿದರೆ ಸುಟ್ಟಗಾಯ ಬೇಗ ಮಾಯುತ್ತದೆ ಎಂದು ಮನುಷ್ಯರ ಮೈಗೆ ಹಾಕುವ ಮೊದಲೇ ಅಂದಾಜು ಸಿಗುತ್ತದೆ.

"ತಾನಾಗೇ ಮುಚ್ಕಳೋದಾದ್ರೆ ಮಧ್ಯ ನೀನ್ಯಾತಕ್ಕೆ ಕೂತಿದೀಯ ಮಗಾ?" ಅಂದಳು ಅವ್ವ. ಸೌಮ್ಯಶ್ರೀ ಸಾರು ಬಡಿಸುತ್ತಾ ನಕ್ಕಳು. ಹೆಂಡತಿ ನಕ್ಕರೆ ಗಂಡ ಏನು ಮಾಡಬೇಕು... ಮುದ್ದೆ ನುಂಗಿದೆ.

ಆಗಸ್ಟ್ ಕೊನೆಗೆ ರಿವ್ಯೂ. ಇದು ಕೊನೇ ಎಕ್ಸ್‌ಟೆನ್ಷನ್. ಅಷ್ಟರೊಳಗೆ ಗೀರು ಮುಚ್ಚಿ ತೋರಿಸದಿದ್ದರೆ ಪಿಎಚ್‌ಡಿ ರಿಜಿಸ್ಟ್ರೇಷನ್ ರದ್ದು. ಪಿಎಚ್‌ಡಿ ಇಲ್ಲದ ಗೆಸ್ಟ್ ಲೆಕ್ಚರರ್ ಎಂದರೆ ಮದುವೆ ಮನೆಯ ಶಾಮಿಯಾನ. ಯಾವಾಗ ಬಿಚ್ಚುತ್ತಾರೋ ಗೊತ್ತಿಲ್ಲ.

ನಂಬರ್ ಬೇಡ. ಇವತ್ತಿನಿಂದ ಕೋಶಗಳಿಗೆ ಹೆಸರು. ನಮ್ಮೂರು ಕೂಟಗಲ್ಲಿನವರ ಹೆಸರೇ ಇಡುತ್ತೇನೆ. ಗೀರಿನ ಒಂದು ದಡಕ್ಕೆ ಮೇಲಿನ ಬೀದಿಯವರು, ಇನ್ನೊಂದು ದಡಕ್ಕೆ ಕೆಳಗಿನ ಬೀದಿಯವರು. ಯಾರು ಯಾರ ಮೇಲೆ ಹತ್ತುತ್ತಾರೆ ಎಂದು ನೋಡಿದ ಕೂಡಲೇ ಗೊತ್ತಾಗಬೇಕು.


ಜೂನ್ 14, ಶನಿವಾರ. ಸಂಜೆ

ನೀಲಕಂಠ ಬಂದಿದ್ದ. ಮೈಸೂರ್ ಪಾಕ್ ಡಬ್ಬ ಹಿಡಿದುಕೊಂಡು. ಪರ್ಮನೆಂಟ್ ಆರ್ಡರ್ ಬಂತಂತೆ, ಚನ್ನಪಟ್ಟಣದ ಕಾಲೇಜಿಗೆ.

ಅವ್ವ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. ನಮ್ಮ ನೀಲಕಂಠ, ನಮ್ಮ ನೀಲಕಂಠ... ಬಾಯಿ ತುಂಬ ಅದೇ. ಸೌಮ್ಯಶ್ರೀ ಮೆಣಸಿನಕಾಯಿ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ಒಲೆಗೆ ಹಾಕಿದರೆ ಒಂದು ಚೂರೂ ಘಾಟು ಬರಲಿಲ್ಲ. ಭಾರೀ ಕೆಟ್ಟ ಕಣ್ಣು ಯಾರದೋ ಬಿದ್ದೈತೆ ಅಂದಳು ಅವ್ವ. ಆ ಕಣ್ಣಿನವನು ಪಕ್ಕದ ಕುರ್ಚಿಯಲ್ಲೇ ಮೈಸೂರ್ ಪಾಕ್ ಕಡಿಯುತ್ತಾ ಕೂತಿದ್ದೆ.

ಹೌದು. ಹೊಟ್ಟೆಕಿಚ್ಚು. ಬರೆದೇ ಬಿಡುತ್ತೇನೆ, ಇಲ್ಲಿ ಯಾರಿಗೆ ಹೆದರಬೇಕು?

ಕೂಟಗಲ್ಲಿನ ಶಾಲೆಯಲ್ಲಿ ಒಂದೇ ಬೆಂಚು. ಅವನು ಮೇಲಿನ ಬೀದಿ, ನಾನು ಕೆಳಗಿನ ಬೀದಿ. ಡಿಗ್ರಿಯಲ್ಲಿ ಅವನಿಗೆ ಮೊದಲ ಪ್ರೋಗ್ರಾಂ ಬರೆದುಕೊಟ್ಟವನು ನಾನು. ಮೌಸ್ ಹಿಡಿದರೆ ಅವನ ಕೈ ನಡುಗುತ್ತಿತ್ತು. ಪಿಎಚ್‌ಡಿ ಮಾಡೋಣ ಬಾರೋ ಎಂದು ನಮ್ಮ ಗೈಡ್ ಅನಂತರಾಜು ಸರ್ ಹತ್ತಿರ ಕರೆದುಕೊಂಡು ಹೋದವನೂ ನಾನೇ. ಅವನು ಮೂಳೆಯ ಕೋಶ ತೆಗೆದುಕೊಂಡ, ನಾನು ಚರ್ಮ. ಅವನದು ಮುಗಿದು ಹಳತಾಯಿತು. ಪರ್ಮನೆಂಟ್ ಪೋಸ್ಟಿನ ಪರೀಕ್ಷೆ ಇಬ್ಬರೂ ಬರೆದೆವು. ಅವನದಾಯಿತು, ನನ್ನದಾಗಲಿಲ್ಲ. ಓದಿದವನು ನಾನು ಹೆಚ್ಚು. ಇದನ್ನು ಯಾರ ಹತ್ತಿರ ಹೇಳಲಿ? ಹೇಳಿದರೆ ನಾನೇ ಸಣ್ಣವನು.

ಅವನು ಒಳ್ಳೆಯವನು ಬೇರೆ. ಅದೇ ಕಷ್ಟ. ಜಂಬದವನಾಗಿದ್ದರೆ ಬೈದುಕೊಂಡು ಆರಾಮಾಗಿರುತ್ತಿದ್ದೆ.

ಅವನು ಹೋದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಮೇಲಿನ ಬೀದಿಯ ದಡದಲ್ಲಿ ನೀಲಕಂಠ ಎಂಬ ಕೋಶ ಇತ್ತು. ಕೆಳಗಿನ ಬೀದಿಯ ದಡದಲ್ಲಿ ಶಂಭುಲಿಂಗ—ನಾನು. ಒಂದು ಸಾಲು ಸೇರಿಸಿದೆ. ನೀಲಕಂಠ ಶಂಭುಲಿಂಗನ ಪಕ್ಕಕ್ಕೆ ಬಂದರೆ ನೀಲಕಂಠ ಸಾಯತಕ್ಕದ್ದು.

ಓಡಿಸಿದೆ. ಆ ಕಡೆಯಿಂದ ಅವನು, ಈ ಕಡೆಯಿಂದ ನಾನು. ನಿಧಾನಕ್ಕೆ, ನಿಧಾನಕ್ಕೆ... ನಡುವೆ ಸಿಕ್ಕಿದೆವು. ಪಕ್ ಎಂದು ಮಾಯ. ಬಿಳೀ ಚೌಕ. ಮರುಕ್ಷಣ ಯಾರೋ ಕಾವೇರಮ್ಮ ಬಂದು ಆ ಜಾಗದಲ್ಲಿ ಕೂತಳು. ಮೈಸೂರ್ ಪಾಕಿಗಿಂತ ಚೆನ್ನಾಗಿತ್ತು. ಇನ್ನೊಂದು ಸಲ ಓಡಿಸಿದೆ.

ಊಟಕ್ಕೆ ಕರೆದರು. ಒಬ್ಬನೇ ನಗುತ್ತಿದ್ದೀರಲ್ಲ ಎಂದಳು ಸೌಮ್ಯಶ್ರೀ.


ಜೂನ್ 25, ಬುಧವಾರ

ಸಿಕ್ಕಿತು ಕಳ್ಳ. ಕಳ್ಳ ಅಲ್ಲ, ಕಳ್ಳಿ. ಮೂಲೆಯ ಚೌಕದಲ್ಲಿದ್ದ ಕಾವೇರಮ್ಮ ಪಕ್ಕದವರ ಮೇಲೆ ಹತ್ತುತ್ತಿದ್ದಳು. ಮೂಲೆಗೆ ಅಕ್ಕಪಕ್ಕ ಎಣಿಸುವಾಗ ನಾನೇ ತಪ್ಪಿದ್ದೆ. ಊರಿನ ನಿಜವಾದ ಕಾವೇರಮ್ಮನೂ ಹಾಗೆಯೇ, ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ್ದರೂ ಅದರ ಮೇಲೇ ಕೂರುವ ಹೆಂಗಸು. ಹೆಸರಿಟ್ಟದ್ದು ಕೆಲಸಕ್ಕೆ ಬಂತು.

ಒಂದೇ ತೊಡಕು—ಕೋಶ ಒಡೆದು ಒಡೆದು ಸಾವಿರಾರು ಆಗುತ್ತವೆ. ಕೂಟಗಲ್ಲಿನಲ್ಲಿ ಅಷ್ಟು ಜನ ಎಲ್ಲಿದ್ದಾರೆ? ಯೋಚಿಸಿ ನಮ್ಮಲ್ಲಿರುವ ಪದ್ಧತಿಯನ್ನೇ ಹಾಕಿದೆ. ಮಕ್ಕಳಿಗೆ ಆಯಾ ಬೀದಿಯ ಪಟ್ಟಿಯಿಂದ ಒಂದು ಹೆಸರು. ಆ ಮಕ್ಕಳು ಒಡೆದರೆ, ಮೊಮ್ಮಕ್ಕಳಿಗೆ ತಾತನ ಹೆಸರು. ಅಪ್ಪ ನನಗೆ ಅವರಪ್ಪನ ಹೆಸರಿಟ್ಟ ಹಾಗೆ. ಎಷ್ಟು ಸಾವಿರ ಕೋಶವಾದರೂ ಇನ್ನು ಹೆಸರಿಗೆ ಬರವಿಲ್ಲ. ಮೇಲಿನ ಬೀದಿಯ ವಂಶ ಮೇಲಿನ ಬೀದಿಗೆ, ಕೆಳಗಿನದು ಕೆಳಗಿನದಕ್ಕೆ.

ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಇಂಥದ್ದು ನೀಲಕಂಠನಿಗೆ ಹೊಳೆಯುತ್ತಿರಲಿಲ್ಲ.

ನಾಳೆಯಿಂದ ಎರಡೂ ದಡ ಸೇರಿಸಿ ಇಡೀ ಮಾಡೆಲ್ ಓಡಿಸಬೇಕು.


ಜುಲೈ 3, ಗುರುವಾರ

ಮುಚ್ಚುತ್ತಿಲ್ಲ.

ಎರಡೂ ದಡದಿಂದ ಲಕ್ಷಣವಾಗಿ ಬರುತ್ತವೆ. ಇನ್ನೇನು ಮುಟ್ಟಬೇಕು ಎನ್ನುವಾಗ ನಡುವೆ ಅಲ್ಲಲ್ಲಿ ತೂತು. ತೂತು ತುಂಬುತ್ತದೆ, ಮತ್ತೆ ತೂತು. ಇಲಿ ಕಡಿದ ಪಂಚೆಯ ಅಂಚು. ಲ್ಯಾಬಿನಿಂದ ಕಳಿಸಿದ ವಿಡಿಯೋದಲ್ಲಿ ನಿಜವಾದ ಕೋಶಗಳು ಎಷ್ಟು ಸಲೀಸಾಗಿ ಸೇರಿಕೊಳ್ಳುತ್ತವೆ. ನನ್ನವಕ್ಕೆ ಏನು ಬಂದಿದೆ ದೊಡ್ಡರೋಗ?

ತೆವಳುವ ವೇಗ ಬದಲಿಸಿದೆ. ಒಡೆಯುವ ಹೊತ್ತು ಬದಲಿಸಿದೆ. ಒಂದಕ್ಕೊಂದು ಅಂಟುವ ಜೋರು ಹೆಚ್ಚಿಸಿದೆ. ಊಹೂಂ.


ಜುಲೈ 11, ಶುಕ್ರವಾರ

ಅನಂತರಾಜು ಸರ್ ಫೋನ್. ಗೀರು ಮುಚ್ಚಿತೇನಯ್ಯಾ ಎಂದರು. ಇನ್ನೊಸಿ ಕೆಲಸ ಇದೆ ಸರ್ ಎಂದೆ. ಅವರು ಹೇಳಿದ್ದು ಒಂದೇ ಮಾತು—ನೀಲಕಂಠನಿಗೆ ಒಂದು ಸಲ ತೋರಿಸು.

ತೋರಿಸುವುದಿಲ್ಲ. ಮುಚ್ಚದಿದ್ದರೂ ಸರಿ, ತೋರಿಸುವುದಿಲ್ಲ. ಅವನು ಬಂದು ಕೂತು, ಒಂದು ಕಡೆ ಬೆರಳಿಟ್ಟು, ಇಲ್ಲಿದೆ ನೋಡು ಎಂದುಬಿಟ್ಟರೆ ಆಮೇಲೆ ನನ್ನ ಥೀಸಿಸ್ ನನ್ನದಾಗುತ್ತದಾ? ಊರೆಲ್ಲ ಏನನ್ನುತ್ತದೆ... ಶಂಭುಲಿಂಗನದೂ ನೀಲಕಂಠನೇ ಮಾಡಿಕೊಟ್ಟದ್ದಂತೆ.


ಜುಲೈ 20, ಭಾನುವಾರ

ಅವನು ಬಂದಿದ್ದ. ಉಪ್ಸಾರು ಮುದ್ದೆ ಮಾಡಿದ್ದು ಮೂಗಿಗೆ ಹೇಗೆ ಬಡಿಯುತ್ತದೋ. ಅವ್ವನೇ ಫೋನ್ ಮಾಡಿರುತ್ತಾಳೆ.

"ಇನ್ನೊಸಿ ಖಾರ ಹಾಕ್ಕ ಮಗಾ, ಸೊರಗ್ಬುಟ್ಟಿದೀಯ." ಅವನಿಗೆ. ಸೊರಗಿದವನು ನಾನು. ಬೆಲ್ಟಿಗೆ ಹೊಸ ತೂತು ಹಾಕಿಸಿದವನು ನಾನು. ನನ್ನ ಮುದ್ದೆ ಆರಿ ಕಲ್ಲಾಗಿತ್ತು, ಯಾರೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಊಟವಾದ ಮೇಲೆ ಅವ್ವನ ಮೊಬೈಲಿನಲ್ಲಿ ಏನೋ ಕೆಟ್ಟಿದ್ದನ್ನು ಸರಿ ಮಾಡಿಕೊಟ್ಟ. ಅದನ್ನು ನನಗೇ ಕೊಟ್ಟು ವಾರವಾಗಿತ್ತು, ನಾನು ನೋಡಿರಲಿಲ್ಲ. ಆಮೇಲೆ ಪಡಸಾಲೆಯಲ್ಲಿ ಕೂತು ಮೆಲ್ಲಗೆ ಕೇಳಿದ, ಮಾಡೆಲ್ ಎಲ್ಲಿಗೆ ಬಂತು ಎಂದು. ಸರ್ ಹೇಳಿ ಕಳಿಸಿದ್ದಾರೆ, ಗೊತ್ತಾಯಿತು. ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೀನಿ ಎಂದೆ. ಅದು ಒಳಗೆ ಹಾಸಿಗೆಯ ಕೆಳಗಿತ್ತು. ಸೌಮ್ಯಶ್ರೀ ನನ್ನ ಮುಖ ನೋಡಿದಳು. ಬಾಯಿಬಿಡಲಿಲ್ಲ, ಪುಣ್ಯ.

ಅವನು ನಂಬಿದ. ನಂಬುವುದರಲ್ಲೂ ಅವನೇ ಮುಂದು. ತನ್ನ ಲ್ಯಾಪ್‌ಟಾಪ್ ಬೇಕಿದ್ದರೆ ಇಟ್ಟುಕೋ ಎಂದ.

ಥೂ ನನ್ನ ಬಾಳಿಗಿಷ್ಟು.


ಆಗಸ್ಟ್ 2, ಶನಿವಾರ

ರಿವ್ಯೂ ತಾರೀಖು ಬಂತು. 29, ಶುಕ್ರವಾರ.

ಸ್ಟಾಫ್ ರೂಮಿನಲ್ಲಿ ಶಿವಕುಮಾರ್—ನನ್ನ ಹಾಗೆಯೇ ಗೆಸ್ಟ್, ಪ್ರೊಜೆಕ್ಟರ್ ಆನ್ ಮಾಡಲೂ ಪ್ಯೂನನ್ನು ಕರೆಯುವ ಆಸಾಮಿ—ಟೀ ಹೀರುತ್ತಾ ಉಪದೇಶ ಮಾಡಿದ. ನೀಲಕಂಠ ಸರ್ ಅಂಥವರು ಗೆಳೆಯರಾಗಿದ್ದೂ ನೀವು ಒದ್ದಾಡುವುದಾ, ನನಗಾಗಿದ್ದರೆ ಕಾಲು ಹಿಡಿಯುತ್ತಿದ್ದೆ ಎಂದ. ಬೆಂದ ಮನೆಯಲ್ಲಿ ಗಳ ಹಿರಿಯುವವನು. ಕ್ಲಾಸಿಗೆ ಎದ್ದೆ.

ಮನೆಗೆ ಬಂದು ಒಂದು ಕೆಟ್ಟ ಕೆಲಸ ಮಾಡಿದೆ. ಇಷ್ಟು ಹೊತ್ತಾದ ಮೇಲೆ ನಡುವಿನ ಖಾಲಿ ಚೌಕವೆಲ್ಲ ತುಂಬಿಬಿಡು ಎಂದು ಬರೆದೆ. ಓಡಿಸಿದೆ. ಮುಚ್ಚಿತು. ಚೆಂದ ಕಂಡಿತು. ಸರ್‌ಗೂ ಗೊತ್ತಾಗುವುದಿಲ್ಲ, ಎದುರು ಕೂರುವ ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಆಮೇಲೆ ಅಳಿಸಿದೆ. ನೀಲಕಂಠನ ಮೂಳೆ ನಿಜವಾಗಿ ಬೆಳೆದಿತ್ತು, ನನ್ನ ಚರ್ಮ ಬಣ್ಣ ಬಳಿದದ್ದಾದರೆ ಸತ್ತರೂ ಮರೆಯುವುದಿಲ್ಲ. ಹೊಟ್ಟೆಕಿಚ್ಚೂ ಒಂದೊಂದು ಸಲ ಮರ್ಯಾದೆ ಉಳಿಸುತ್ತದೆ.

ಆದರೆ ಗೀರು ತೆರೆದೇ ಇದೆ.


ಆಗಸ್ಟ್ 17, ಭಾನುವಾರ. ಸಂಜೆ 5

ಇದನ್ನು ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಬೈಕಿನ ಸದ್ದು. ನೀಲಕಂಠ. ಅವ್ವ ಕರೆದದ್ದಲ್ಲ, ಸೌಮ್ಯಶ್ರೀ ಕರೆದದ್ದು. ಅವಳನ್ನು ಒಳಗೆ ಕರೆದು ಕೇಳಿದೆ, ಯಾರನ್ನು ಕೇಳಿ ಫೋನ್ ಮಾಡಿದೆ ಎಂದು. ಅವಳು ಹೆದರಲಿಲ್ಲ. "ನಿಮ್ಮ ಮರ್ವಾದೆ ನೋಡ್ಕಂಡು ಕೂತ್ರೆ ರಿಜಿಸ್ಟ್ರೇಷನ್ ಹೋಯ್ತದೆ. ನಂಗೆ ನೀವು ಊಟ ಮಾಡೋದು ಬೇಕು" ಅಂದಳು. ಅವಳೇ ಹಾಸಿಗೆ ಎತ್ತಿ ಲ್ಯಾಪ್‌ಟಾಪ್ ತಂದು ಅವನ ಮುಂದಿಟ್ಟಳು. ರಿಪೇರಿಗೆ ಹೋಗಿದ್ದ ಲ್ಯಾಪ್‌ಟಾಪ್. ಅವನು ಅದರ ಬಗ್ಗೆ ಏನೂ ಕೇಳಲಿಲ್ಲ.

ಆ ಕ್ಷಣಕ್ಕೂ ನನಗೆ ಆ ಸಾಲಿನ ನೆನಪಿಲ್ಲ. ದೇವರಾಣೆಗೂ ಇಲ್ಲ. ಒಂದು ಕೋಶಕ್ಕೆಂದು ಬರೆದು, ನಕ್ಕು, ಮರೆತ ಸಾಲು. ಮೊಮ್ಮಕ್ಕಳಿಗೆ ಹೆಸರಿಟ್ಟದ್ದು ಆಮೇಲೆ.

ಅವನು ಎರಡು ಸಲ ಓಡಿಸಿ ನೋಡಿದ. ಗಲ್ಲ ಕೆರೆದುಕೊಂಡ. ಬದುಕಿರೋವ್ರನ್ನ ಬುಡು, ಸತ್ತೋರ ಹೆಸರು ತೋರ್ಸು ಅಂದ. ನನಗೆ ಯಾಕೆ ಹೊಳೆಯಲಿಲ್ಲ ಇದು? ನಾನು ಇಷ್ಟು ದಿನವೂ ಬದುಕಿದವರ ವೇಗ ಅಳೆಯುತ್ತಿದ್ದೆ. ಸತ್ತವರ ಹೆಸರು ಸಾಲಾಗಿ ಬರುವ ಹಾಗೆ ಅವನೇ ಮಾಡಿದ. ಓಡಿಸಿದ. ಪರದೆ ತುಂಬಿತು.

ನೀಲಕಂಠ. ನೀಲಕಂಠ. ಮುನಿಶಾಮಯ್ಯ, ವಯಸ್ಸಾಗಿ. ನೀಲಕಂಠ. ನೀಲಕಂಠ. ನೀಲಕಂಠ.

"ಲೇ ಶಂಭು, ಸಾಯೋದೆಲ್ಲ ನಾನೇ ಕಣ್ಲಾ" ಅಂದ.

ನೀಲಕಂಠ ಸಾಯತಕ್ಕದ್ದು ಎಂಬ ಸಾಲು ನೆನಪಾಯಿತು. ಮೇಲಿನ ಬೀದಿಯ ದಡದಲ್ಲಿ ತಾತನ ಹೆಸರು ಹೊತ್ತ ನೂರಾರು ನೀಲಕಂಠರು. ಕೆಳಗಿನ ದಡದಲ್ಲಿ ನೂರಾರು ಶಂಭುಲಿಂಗರು. ನಡುವೆ ಎಲ್ಲೆಲ್ಲಿ ಸಿಗುತ್ತಾರೋ ಅಲ್ಲೆಲ್ಲ ಒಬ್ಬ ನೀಲಕಂಠ ಸಾಯುತ್ತಾನೆ, ತೂತು ಬೀಳುತ್ತದೆ. ಆ ತೂತಿಗೆ ಬರುವವನು ಇನ್ನೊಬ್ಬ ನೀಲಕಂಠನಾದರೆ ಅವನೂ ಸಾಯುತ್ತಾನೆ. ಕೊಡು ಇಲ್ಲಿ, ನಾನು ನೋಡ್ತೀನಿ ಎಂದು ಕೈ ಚಾಚಿದೆ. ಅವನು ಆಗಲೇ ತನ್ನ ಹೆಸರು ಹಾಕಿ ಹುಡುಕಿದ್ದ. ಸಾಲು ಎದುರಿಗೇ ಬಂತು. ಓದಿದ. ಮತ್ತೊಮ್ಮೆ ಓದಿದ. ಅದರ ಪಕ್ಕದಲ್ಲಿ ಬರೆದ ತಾರೀಖೂ ಇತ್ತು, ಜೂನ್ 14. ಅವನು ಮೈಸೂರ್ ಪಾಕ್ ತಂದ ದಿನ.

ನಾನು ನೀರಿನ ಬಾಟಲಿ ನೋಡುತ್ತಿದ್ದೆ.

ಸೌಮ್ಯಶ್ರೀ ಕಾಫಿ ತಂದು, ಸಿಕ್ಕಿತಾ ಅಣ್ಣ ಎಂದಳು. ಅವನು ಜೋರಾಗಿ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ನಿನ್ ಗಂಡ ಮೊಮ್ಮಕ್ಳಿಗೆಲ್ಲ ತಾತನ ಹೆಸರು ಇಟ್ಟು ಎಡವಟ್ ಮಾಡ್ಕಂಡವ್ನೆ ಕಣವ್ವ, ಅಷ್ಟೇಯ ಅಂದ. ಅವಳೂ ನಕ್ಕಳು. ಅಡುಗೆಮನೆಯಿಂದ ಅವ್ವನೂ ನಕ್ಕಳು.

ಸೌಮ್ಯಶ್ರೀ ಒಳಗೆ ಹೋದ ಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ನೀನೇ ಅಳ್ಸು ಅಂದ. ಅಳಿಸಿದೆ. ಕಾಫಿ ಕುಡಿದು ಎದ್ದು ಹೋದ.

ಒಂದೂವರೆ ತಿಂಗಳು ನನಗೆ ಸಿಗದ್ದು ಅವನಿಗೆ ಕಾಫಿ ಬರುವಷ್ಟರಲ್ಲಿ ಸಿಕ್ಕಿತು. ನಾಚಿಕೆಯಿಂದ ಸಾಯಬೇಕಾದ ಹೊತ್ತಿನಲ್ಲಿ ನನಗೆ ಮೊದಲು ಬಂದ ಯೋಚನೆ ಅದೇ. ಎಂಥ ಜನ್ಮ ನನ್ನದು.


ಆಗಸ್ಟ್ 18, ಸೋಮವಾರ. ಬೆಳಿಗ್ಗೆ

ಮುಚ್ಚಿತು. ಮೂರು ಸಲ ಓಡಿಸಿದೆ, ಮೂರು ಸಲವೂ ಮುಚ್ಚಿತು. ಲ್ಯಾಬಿನ ವಿಡಿಯೋ ಪಕ್ಕದಲ್ಲಿಟ್ಟು ನೋಡಿದೆ—ಅಂಚು ಅಂಚಿಗೆ ಕೂಡಿ ಬರುತ್ತದೆ. ನಡುವೆ ನೀಲಕಂಠರು ಶಂಭುಲಿಂಗರು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದಾರೆ.

ಕುಣಿಯಬೇಕಿತ್ತು. ಸುಮ್ಮನೆ ಹಲ್ಲುಜ್ಜಲು ಹೋದೆ.


ಆಗಸ್ಟ್ 29, ಶುಕ್ರವಾರ. ಸಂಜೆ

ಪಾಸ್. ಥೀಸಿಸ್ ಬರೆಯಲು ಒಪ್ಪಿಗೆ ಸಿಕ್ಕಿತು. ಮೊದಲು ಇದನ್ನು ಬರೆದುಬಿಡುತ್ತೇನೆ, ಮುಂದಿನದು ಬರೆಯುವಷ್ಟರಲ್ಲಿ ಇದರ ರುಚಿ ಇರುವುದಿಲ್ಲ.

ಬೆಳಿಗ್ಗೆ ನೀಲಕಂಠ ರಜೆ ಹಾಕಿ ಬೈಕ್ ತಂದಿದ್ದ. ಯೂನಿವರ್ಸಿಟಿವರೆಗೂ ನಾನು ಹಿಂದೆ ಕೂತು ಅವನ ಹೆಲ್ಮೆಟ್ ನೋಡುತ್ತಾ ಹೋದೆ. ಅವನು ರಿವ್ಯೂ ಹಾಲ್‌ನ ಹಿಂದಿನ ಸಾಲಲ್ಲಿ ಕೂತ. ಗೀರು ಮುಚ್ಚುವುದನ್ನು ತೋರಿಸಿದೆ. ಎದುರು ಕೂತವರು ತಲೆದೂಗಿದರು. ಅನಂತರಾಜು ಸರ್ ಮುಖ ಅರಳಿತ್ತು. ತಪ್ಪು ಎಲ್ಲಿತ್ತು ಎಂದು ಕೇಳಿದರು. ಬೇಡದ ನಿಯಮವೊಂದು ಉಳಿದುಕೊಂಡಿತ್ತು ಸರ್ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ನೀಲಕಂಠ ನೋಡಿದನಾ ಎಂದರು ಸರ್.

"ಇಲ್ಲ ಸರ್, ನಾನೇ ಹಿಡಿದೆ" ಎಂದೆ.

ಯಾಕೆ ಹಾಗೆಂದೆ? ಹೌದು ಸರ್ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಎಲ್ಲರೂ ತಿರುಗಿ ಹಿಂದಿನ ಸಾಲು ನೋಡುತ್ತಿದ್ದರು. ನನ್ನ ದಿನ ಅದು. ಒಂದು ದಿನವಾದರೂ ಪೂರ್ತಿ ನನ್ನದಾಗಿರಲಿ ಎನ್ನಿಸಿತು. ಅವನು ಕಿಟಕಿ ಕಡೆ ನೋಡುತ್ತಿದ್ದ.

ಬರುವಾಗ ಬಿಡದಿಯಲ್ಲಿ ನಿಲ್ಲಿಸಿದ. ತಟ್ಟೆ ಇಡ್ಲಿ ಹೇಳಿದ, ಎರಡು ಪ್ಲೇಟು, ಮಾಮೂಲಿನಂತೆ ನನಗೆ ಚಟ್ನಿ ಜಾಸ್ತಿ. ಇಡ್ಲಿ ಮುರಿಯುತ್ತಾ ಕೇಳಿದ.

"ಯಾಕ್ಲಾ ಬರ್ದೆ ಅದ್ನ?"

ಹುಡುಗಾಟ ಎನ್ನಬಹುದಿತ್ತು. ಎನ್ನಲಿಲ್ಲ. ಇಷ್ಟು ವರ್ಷದ್ದೆಲ್ಲ ಹೊರಗೆ ಬಂತು. ನಿನಗೆ ಮೌಸ್ ಹಿಡಿಯಲು ಕಲಿಸಿದವನು ನಾನು, ಇವತ್ತು ನನ್ನ ಮನೆಯಲ್ಲೇ ನಾನು ಎರಡನೆಯವನು ಎಂದೆ. ಅವ್ವ ನಿನ್ನ ತಟ್ಟೆ ನೋಡುತ್ತಾಳೆ, ನನ್ನದು ನೋಡುವುದಿಲ್ಲ ಎಂದೆ. ಸರ್ ನನ್ನ ಜೊತೆ ಮಾತಾಡುವಾಗಲೂ ನಿನ್ನ ಸುದ್ದಿ. ನನ್ನ ಹೆಂಡತಿಗೆ ಕಷ್ಟ ಬಂದರೆ ನಿನಗೆ ಫೋನ್. ನಿನ್ನ ಆರ್ಡರ್ ಬಂದ ದಿನ ನನಗೆ ನಿದ್ದೆ ಬರಲಿಲ್ಲ. ನೀನು ಎಲ್ಲಾದರೂ ಒಂದು ಕಡೆ ಸೋಲಲಿ ಎಂದು ಕಾದಿದ್ದೇನೆ, ನಿಜವಾಗಿ ಕಾದಿದ್ದೇನೆ... ಪಕ್ಕದ ಟೇಬಲ್‌ನವರು ತಿರುಗಿ ನೋಡಿದರು. ನನಗೆ ನಿಲ್ಲಿಸಲು ಆಗಲಿಲ್ಲ.

ಅವನು ಪೂರ್ತಿ ಕೇಳಿದ. ಕೈ ತೊಳೆದುಕೊಂಡು ಬಂದು ಕೂತ.

"ನಾನು ಪಂದ್ಯದಾಗೇ ಇರ್ಲಿಲ್ಲ ಕಣ್ಲಾ. ನೀನೊಬ್ನೇ ಓಡ್ತಿದ್ದೆ."

ಆಮೇಲೆ—"ಅವತ್ತು ನಿಮ್ಮನೇಲಿ ನಕ್ನಲ್ಲ, ಸೌಮ್ಯಶ್ರೀಗೆ ಗೊತ್ತಾಗ್ದಿರ್ಲಿ ಅಂತ ನಕ್ಕಿದ್ದು. ನಂಗೇನು ನಗು ಬಂದಿರ್ಲಿಲ್ಲ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಬೈಕ್ ಸ್ಟಾರ್ಟ್ ಮಾಡಿದ. ಮನೆ ಮುಂದೆ ಇಳಿಸಿದ. ಅವ್ವ ಬಾಗಿಲಿಗೆ ಬಂದು ಕರೆದಳು. ಒಸಿ ಕೆಲ್ಸ ಐತೆ ಅವ್ವ ಅಂದು ಹೊರಟುಹೋದ.

ಪಾಸಾಗಿದ್ದಕ್ಕೆ ಸೌಮ್ಯಶ್ರೀ ಪಾಯಸ ಮಾಡಿದ್ದಾಳೆ.


ಸೆಪ್ಟೆಂಬರ್ 21, ಭಾನುವಾರ

ಉಪ್ಸಾರು ಮುದ್ದೆ. ಅವನು ಬರಲಿಲ್ಲ. ಈ ತಿಂಗಳು ಒಂದು ಸಲವೂ ಬರಲಿಲ್ಲ.

ಅವ್ವ ಫೋನ್ ಮಾಡಿದ್ದಳು. ಪರೀಕ್ಷೆ ಪೇಪರ್ ನೋಡ್ತಿದ್ದೀನಿ ಅವ್ವ ಎಂದನಂತೆ. ನನ್ನ ತಟ್ಟೆ ಕಡೆ ನೋಡಿ ಅವ್ವ ತಾನೇ ಖಾರ ಹಾಕಿದಳು. ನನಗೆ ಹಾಕಿದಳು. ಇದಕ್ಕಲ್ಲವೇ ನಾನು ಇಷ್ಟು ವರ್ಷ ಉರಿದದ್ದು? ತಿಂದೆ. ಅರ್ಧಕ್ಕೇ ಎದ್ದೆ.

ಏನಾದರೂ ಜಗಳವಾ ಎಂದಳು ಸೌಮ್ಯಶ್ರೀ. ಇಲ್ಲ ಎಂದೆ. ಹಾಗಿದ್ದರೆ ನೀವೇ ಒಂದು ಸಲ ಹೋಗಿ ಬನ್ನಿ ಎಂದಳು. ಹೋಗುತ್ತೇನೆ ಎಂದೆ.

ಹೋಗಲಿಲ್ಲ.


ಅಕ್ಟೋಬರ್ 15, ಬುಧವಾರ

ಸ್ಟಾಫ್ ರೂಮಿನಲ್ಲಿ ಶಿವಕುಮಾರ್ ಲ್ಯಾಪ್‌ಟಾಪ್ ತೆಗೆದು ಕೂತಿದ್ದ. ಕೋಶಗಳು ಓಡಾಡುತ್ತಿದ್ದವು. ನಿಜವಾಗಿ ಬೆಚ್ಚಿದೆ. ಅವನೂ ಪಿಎಚ್‌ಡಿಗೆ ಸೇರಿದನಂತೆ, ಅನಂತರಾಜು ಸರ್ ಹತ್ತಿರವೇ. ನೀಲಕಂಠ ವಾರಕ್ಕೆರಡು ದಿನ ಕೂರಿಸಿಕೊಂಡು ಹೇಳಿಕೊಡುತ್ತಾನಂತೆ. ಭಾನುವಾರ ಅವನ ಮನೆಯಲ್ಲೇ ಊಟವಂತೆ.

ಪ್ರೊಜೆಕ್ಟರ್ ಆನ್ ಮಾಡಲು ಬಾರದ ಶಿವಕುಮಾರ್.

ಅವನ ಮೇಜಿನ ಮೇಲೆ ಒಂದು ಹೆಲ್ಮೆಟ್ ಇತ್ತು. ನಾನು ಹಾಕಿಕೊಳ್ಳುತ್ತಿದ್ದ ಹೆಲ್ಮೆಟ್. ಹಿಂದೆ ಕೂರುವವರಿಗೆಂದು ನೀಲಕಂಠ ಇಟ್ಟುಕೊಂಡದ್ದು, ನನ್ನದೇನಲ್ಲ. ಆದರೂ ಎರಡನೇ ಪೀರಿಯಡ್‌ನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.


ನವೆಂಬರ್ 8, ಶನಿವಾರ. ಮಧ್ಯಾಹ್ನ

ಥೀಸಿಸ್ ಬೈಂಡಿಂಗ್‌ಗೆ ಕೊಟ್ಟು ಬರುತ್ತಿದ್ದೆ. ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಇಬ್ಬರೂ ನಿಂತಿದ್ದರು. ನೀಲಕಂಠ, ಶಿವಕುಮಾರ್. ತಪ್ಪಿಸಿಕೊಂಡು ಹೋಗೋಣ ಎಂದುಕೊಂಡೆ. ಕಾಲು ಅತ್ತಲೇ ಹೋಯಿತು.

ಅವನು ಗ್ಲಾಸ್ ಕೆಳಗಿಟ್ಟು ಕೈ ಮುಗಿದ. ನನಗೆ.

"ನಮಸ್ಕಾರ ಸರ್. ಥೀಸಿಸ್ ಮುಗೀತಂತೆ, ಬಹಳ ಸಂತೋಷ" ಎಂದ.

ಅಣಕವಿಲ್ಲ, ಕೋಪವಿಲ್ಲ. ಪ್ರಿನ್ಸಿಪಾಲರ ಹತ್ತಿರ ಮಾತಾಡುವ ಹಾಗೆ. ಕೂಟಗಲ್ಲಿನ ಬೆಂಚಿನ ಮೇಲೆ ನನ್ನ ಬಳಪ ಕದ್ದವನು. ನಾನೂ ನಮಸ್ಕಾರ ಎಂದೆ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದ. ಕ್ಷೇಮ ಎಂದೆ. ಟೀ ಕುಡೀತೀರಾ ಎಂದ. ಬೇಡ ಎಂದೆ. ಬೇಕಾಗಿತ್ತು.

ಆಮೇಲೆ ಶಿವಕುಮಾರನ ಕಡೆ ತಿರುಗಿ ಬೆನ್ನಿಗೆ ಗುದ್ದಿದ.

"ಹತ್ಲಾ ಲೇ, ಹೊತ್ತಾಯ್ತು."

ಇಬ್ಬರೂ ಚನ್ನಪಟ್ಟಣದ ರಸ್ತೆ ಹಿಡಿದರು. ಶಿವಕುಮಾರ್ ಹಿಂದೆ ಕೂತು ಅವನ ಕಿವಿಯ ಹತ್ತಿರ ಏನೋ ಹೇಳಿದ. ನೀಲಕಂಠ ನಕ್ಕ. ಈ ನಗು ನನಗೆ ಗೊತ್ತು, ಇದು ಯಾರ ಮಾನ ಕಾಪಾಡಲೂ ನಕ್ಕದ್ದಲ್ಲ.

ಇಷ್ಟು ವರ್ಷ ನೀಲಕಂಠನ ಆರ್ಡರ್, ನೀಲಕಂಠನ ಪಿಎಚ್‌ಡಿ, ನೀಲಕಂಠನ ತಟ್ಟೆಗೆ ಬಿದ್ದ ಖಾರ... ಅದೆಲ್ಲ ಕಿಚ್ಚೇ ಅಲ್ಲ, ಬರೀ ಹೊಗೆ. ಕಿಚ್ಚೆಂದರೆ ಇವತ್ತಿನದು. ಆ ಶಿವಕುಮಾರನ ಮೇಲೆ. ಅವನಿಗೆ ಏನು ಸಿಕ್ಕಿದೆ ಎಂದು ಅವನಿಗೇ ಗೊತ್ತಿಲ್ಲ, ದಡ್ಡ.

ಸೌಮ್ಯಶ್ರೀ ಊಟಕ್ಕೆ ಕರೆಯುತ್ತಿದ್ದಾಳೆ. ಹೇಳಿಬಿಡಬೇಕು ಅವಳಿಗೆ, ಆ ಸಾಲು ಏನಿತ್ತೆಂದು. ಸರ್‌ಗೂ ಹೇಳಬೇಕು, ಹಿಡಿದವನು ಯಾರೆಂದು. ಬೈಂಡಿಂಗ್ ಅಂಗಡಿಗೆ ಫೋನ್ ಮಾಡಿ ನಿಲ್ಲಿಸಬೇಕು, ಮೊದಲ ಪುಟದ ಕೃತಜ್ಞತೆಯಲ್ಲಿ ಅವನ ಹೆಸರೇ ಇಲ್ಲ. ಆಮೇಲೆ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಒಳಗೆ ಶಿವಕುಮಾರ್ ಇದ್ದರೂ ಸರಿ. ಕಾಲಿಗಾದರೂ ಬೀಳುತ್ತೇನೆ, ಒದೆಯಲಿ, ಬೈಯಲಿ, ಆದರೆ ಒಂದೇ ಒಂದು ಸಲ ನನ್ನನ್ನು ಮತ್ತೆ ಲೇ ಶಂಭು ಅಂತ ಕರೆಯಲಿ.